ಹುರುಳಿ ಯಾರು ಹಾಕ್ತಾರೆ?

ನನ್ನ ಫೋನಿನ ಗ್ಯಾಲರಿಯಲ್ಲಿ 2022ರ ಡಿಸೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಸ್ಕ್ರೋಲ್ ಮಾಡಿದರೆ ಸಿಗೋದು ಬರೀ ಕುದುರೆಗಳ ಹಿಂಭಾಗ. ನಾಲ್ಕೈದು ಬಾಲ, ಅದರ ಮೇಲೆ ಹಿಮ, ಕೆಳಗೆ ಕೆಸರು. ಮೊನ್ನೆ ಗೆಳತಿಯೊಬ್ಬಳು ನೋಡಿ, "ಅಲ್ವೇ, ಅಷ್ಟು ದೂರ ಹೋಗಿ ಒಂದಾದ್ರೂ ಮುಖದ ಫೋಟೋ ತೆಗೀಬಾರ್ದಿತ್ತಾ?" ಅಂತ ನಕ್ಕಳು.

ತಪ್ಪು ನನ್ನದಲ್ಲ. ಹಿಮಗಾಳಿ ಬೀಸುವಾಗ ಕುದುರೆ ಗಾಳಿಗೆ ಬೆನ್ನು ಹಾಕಿ ನಿಲ್ಲುತ್ತೆ. ತಲೆ ತಗ್ಗಿಸಿ, ಬಾಲವನ್ನು ಹಿಂಗಾಲುಗಳ ನಡುವೆ ಅವುಚಿಕೊಂಡು, ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುತ್ತೆ. ನಾನು ಕಾರು ನಿಲ್ಲಿಸುತ್ತಿದ್ದ ಜಾಗ ಸರಿಯಾಗಿ ಗಾಳಿ ಬರೋ ದಿಕ್ಕಿಗೇ ಇತ್ತು. ಹಾಗಾಗಿ ಒಂದು ಇಡೀ ಚಳಿಗಾಲ ನಾನು ಅವುಗಳ ಬೆನ್ನು ನೋಡಿಕೊಂಡು ಕೂತಿದ್ದೆ.

ಊರು ರೀನೋ, ಅಮೆರಿಕದ ನೆವಾಡಾ ರಾಜ್ಯ. ಜೂಜಿನ ಊರು ಅಂತ ಕೇಳಿರುತ್ತೀರಿ. ಈಗ ಅದಕ್ಕಿಂತ ಹೆಚ್ಚಾಗಿ ಗೋದಾಮುಗಳ, ಬ್ಯಾಟರಿ ಕಾರ್ಖಾನೆಗಳ, ಡೇಟಾ ಸೆಂಟರ್‌ಗಳ ಊರು. ನನ್ನ ಕೆಲಸವೂ ಅಲ್ಲೇ, ಊರಿಂದ ಪೂರ್ವಕ್ಕೆ ಬೋಳುಗುಡ್ಡಗಳ ನಡುವಿನ ಇಂಡಸ್ಟ್ರಿಯಲ್ ಸೆಂಟರ್‌ನಲ್ಲಿ, ಸಪ್ಲೈ ಪ್ಲಾನಿಂಗ್. ಎಕ್ಸೆಲ್ ಶೀಟು, ಕಾಲ್, ಮತ್ತೆ ಎಕ್ಸೆಲ್ ಶೀಟು. ನನ್ನವರು ಬೆಂಗಳೂರಲ್ಲೇ ವೀಸಾ ಅಪಾಯಿಂಟ್‌ಮೆಂಟ್ ಕಾಯ್ತಾ ಇದ್ದರು. ಆ ವರ್ಷ ಯಾರಿಗೆಲ್ಲ ಆ ಕಾಯುವಿಕೆ ಗೊತ್ತೋ ಅವರಿಗೆ ಹೆಚ್ಚು ಹೇಳಬೇಕಿಲ್ಲ. ಜೊತೆಗೆ ಅದು ಲೇಆಫ್‌ಗಳ ಚಳಿಗಾಲ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಮುಂಚೆ ಲಾಗಿನ್ ಆಗುತ್ತೋ ಇಲ್ವೋ ಅಂತ ಒಂದು ಕ್ಷಣ ಉಸಿರು ಬಿಗಿ ಹಿಡಿಯುತ್ತಿದ್ದ ದಿನಗಳು. ಕೆಲಸ ಹೋದರೆ ಅರವತ್ತು ದಿನದಲ್ಲಿ ಬೇರೆ ದಾರಿ ಹುಡುಕಿಕೊಳ್ಳಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು.

ಮೊದಲ ಸಲ ಕುದುರೆಗಳನ್ನು ನೋಡಿದ್ದು ಗೋದಾಮಿನ ಪಾರ್ಕಿಂಗ್ ಲಾಟ್‌ನಲ್ಲಿ. ಹದಿನೆಂಟು ಚಕ್ರದ ಟ್ರಕ್ಕುಗಳ ಮಧ್ಯೆ ಏಳೆಂಟು ಕುದುರೆಗಳು ತಮ್ಮ ಪಾಡಿಗೆ ನಡೆದು ಹೋಗ್ತಾ ಇದ್ದವು. ಯಾರದೋ ತಪ್ಪಿಸಿಕೊಂಡು ಬಂದಿವೆ ಅಂತ ಗಾಬರಿಯಾಗಿ ಸೆಕ್ಯುರಿಟಿಯವರಿಗೆ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ. "ನಮಗಿಂತ ಮುಂಚೆಯಿಂದ ಇಲ್ಲಿರೋರು ಅವರು" ಅಂದರು.

ನಾನು ಕುಣಿಗಲ್‌ನವಳು. ಕುದುರೆ ನನಗೆ ಹೊಸದಲ್ಲ. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಫಾರ್ಮು ನಮ್ಮೂರಲ್ಲಿದೆ. ಹಾಸನದ ಕಡೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ನಮ್ಮ ಕುದುರೆ ಅಂದರೆ ಬೇಲಿ, ಲಾಯ, ಲಾಳ, ಮೈ ಉಜ್ಜೋ ಆಳು, ಹೊತ್ತು ಹೊತ್ತಿಗೆ ಹುರುಳಿ. ಹೇಳೋರು ಕೇಳೋರು ಯಾರೂ ಇಲ್ಲದ ಕುದುರೆ ಅನ್ನೋದು ಇರುತ್ತೆ ಅಂತಲೇ ನನ್ನ ತಲೆಗೆ ಹೊಳೆದಿರಲಿಲ್ಲ.

ರೀನೋ ಊರಿನ ಪೂರ್ವಕ್ಕೆ ಹಬ್ಬಿರೋ ಗುಡ್ಡಸಾಲಿಗೆ ವರ್ಜೀನಿಯಾ ರೇಂಜ್ ಅಂತ ಹೆಸರು. ಸುಮಾರು ಮೂರು ಸಾವಿರ ಕುದುರೆಗಳು ಅಲ್ಲಿ ತಿರುಗುತ್ತವೆ. ಕಾಡುಕುದುರೆ ಅನ್ನಬೇಕಾ, ಕಾಡು ಸೇರಿದ ಸಾಕುಕುದುರೆ ಅನ್ನಬೇಕಾ ಅನ್ನೋದರ ಮೇಲೇ ಅಲ್ಲಿ ಜಗಳ. ಕುದುರೆ ಜಾತಿ ವಿಕಾಸವಾದದ್ದೇ ಉತ್ತರ ಅಮೆರಿಕದಲ್ಲಿ. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಅಲ್ಲಿ ಅಳಿದು ಹೋಯಿತು. ಮತ್ತೆ 16ನೇ ಶತಮಾನದಲ್ಲಿ ಸ್ಪೇನಿನವರ ಹಡಗಲ್ಲಿ ವಾಪಸ್ ಬಂತು. ಈಗಿರೋದು ಆ ಕುದುರೆಗಳ, ಆಮೇಲೆ ಗಣಿಯವರು, ಸೈನ್ಯದವರು, ರೈತರು ಬಿಟ್ಟು ಹೋದ ಕುದುರೆಗಳ ಸಂತಾನ. ತವರಿಗೆ ವಾಪಸ್ ಬಂದವಳನ್ನು ನೆಂಟಳು ಅನ್ನೋದಾ, ಮನೆಮಗಳು ಅನ್ನೋದಾ? ಆ ಥರದ ಪ್ರಶ್ನೆ. ನನಗೆ ಎರಡೂ ಕಡೆಯ ವಾದ ಅರ್ಥ ಆಗುತ್ತೆ. ದನ ಮೇಯಿಸೋರಿಗೆ ಕುದುರೆ ಅಂದರೆ ಹುಲ್ಲಿಗೆ ಪಾಲು ಕೇಳೋ ಪ್ರಾಣಿ. ಒಣ ಸೀಮೆಯಲ್ಲಿ ಕುದುರೆ ಸಂಖ್ಯೆ ಮಿತಿ ಮೀರಿದರೆ ನೀರಿನ ಒರತೆಗಳ ಸುತ್ತ ನೆಲ ಕೆಟ್ಟು ಹೋಗೋದೂ ನಿಜ. ಸರ್ಕಾರಿ ನೆಲಕ್ಕೆ ಸುಮಾರು 27 ಸಾವಿರ ಕುದುರೆ, ಕತ್ತೆ ಸಾಕು ಅಂತ ಆಗ ಅಲ್ಲಿನ ಕೇಂದ್ರ ಸರ್ಕಾರದ ಲೆಕ್ಕವಾಗಿತ್ತು. 2023ರಲ್ಲಿ ಇದ್ದದ್ದು 80 ಸಾವಿರಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ನೆವಾಡಾದಲ್ಲೇ.

ಅದೆಲ್ಲ ಆಮೇಲೆ ಓದಿದ್ದು. ಮೊದಲಿಗೆ ನಾನು ನೋಡೋಕೆ ಹೋಗ್ತಿದ್ದದ್ದು ಬೇರೇನೂ ಮಾಡೋಕೆ ಇಲ್ಲದೆ.

ನನ್ನ ಅಪಾರ್ಟ್‌ಮೆಂಟ್ ಊರಿನ ದಕ್ಷಿಣಕ್ಕೆ. ಅಲ್ಲಿಂದ ಹತ್ತು ನಿಮಿಷಕ್ಕೆ ಗೈಗರ್ ಗ್ರೇಡ್ ಅನ್ನೋ ಘಾಟಿ ರಸ್ತೆ ಶುರು. ಅದನ್ನು ಹತ್ತಿದರೆ ಹಳೇ ಬೆಳ್ಳಿ ಗಣಿಯ ಊರು ವರ್ಜೀನಿಯಾ ಸಿಟಿ. ಘಾಟಿ ಶುರುವಾಗೋ ಮುಂಚೆ ರಸ್ತೆ ಪಕ್ಕ ನಾಲ್ಕು ಕಾರು ನಿಲ್ಲಿಸುವಷ್ಟು ಜಾಗ ಇತ್ತು. ಶನಿವಾರ, ಭಾನುವಾರ ಮಧ್ಯಾಹ್ನ ಮೂರರ ಮೇಲೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅಲ್ಲಿ ಹೋಗಿ ಕೂರೋದು ಅಭ್ಯಾಸ ಆಯ್ತು. ಸೆಕೆಂಡ್‌ಹ್ಯಾಂಡ್ ಬೈನಾಕ್ಯುಲರ್ ಒಂದನ್ನು ಕೊಂಡೆ.

ಆ ಜಾಗಕ್ಕೆ ದಿನಾ ಬರ್ತಿದ್ದದ್ದು ಒಂದೇ ಸಂಸಾರ. ಒಟ್ಟು ಆರು. ಕಪ್ಪುಗಂದು ಬಣ್ಣದ ದೊಡ್ಡ ಗಂಡು, ಬಲಗಿವಿಯ ತುದಿ ಹರಿದಿತ್ತು. ನಾನವನಿಗೆ ಗೌಡ್ರು ಅಂತ ಹೆಸರಿಟ್ಟೆ. ಗತ್ತು ಹಾಗಿತ್ತು. ಎಲ್ಲಾದರೂ ಲದ್ದಿ ರಾಶಿ ಕಂಡರೆ ನಿಂತು, ಮೂಸಿ, ತಮ್ಮದೂ ಒಂದು ಪಾಲು ಹಾಕಿ ಮುಂದೆ ಹೋಗೋರು. ಗಂಡು ಕುದುರೆಗಳು ಒಂದರ ಮೇಲೊಂದು ಹಾಗೆ ಹಾಕಿ ಹಾಕಿ ದಾರಿಯುದ್ದಕ್ಕೂ ಗುಡ್ಡೆ ಎಬ್ಬಿಸುತ್ತವೆ. ಅದು ಅವರ ನೋಟಿಸ್ ಬೋರ್ಡು.

ಆದರೆ ಗೌಡ್ರು ಯಾವಾಗಲೂ ಹಿಂದೆ. ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನೋದು ಬೂದು ಬಣ್ಣದ ಒಂದು ಹಳೇ ಹೆಣ್ಣು ಕುದುರೆಯ ಕೈಯಲ್ಲಿತ್ತು. ಬೆನ್ನು ಸ್ವಲ್ಪ ಜೋತು ಬಿದ್ದು, ಕಣ್ಣಿನ ಮೇಲೆ ಗುಳಿ ಬಿದ್ದ ಮುದುಕಿ. ಅವಳು ಅಕ್ಕಮ್ಮ. ಅವಳು ಹೊರಟರೆ ಎಲ್ಲರೂ ಹೊರಟರು. ಜೊತೆಗೆ ಎರಡು ಕೆಂಪು ಹೆಣ್ಣು, ಒಂದು ಪಡ್ಡೆ ಹೆಣ್ಣುಮರಿ, ಮತ್ತೆ ಒಂದು ಪುಟಾಣಿ.

ಪುಟಾಣಿ ಅಂದರೆ ನಿಜವಾಗಲೂ ಪುಟಾಣಿ. ಕುದುರೆ ಹನ್ನೊಂದು ತಿಂಗಳು ಹೊರುತ್ತೆ, ಸಾಮಾನ್ಯವಾಗಿ ಹುಲ್ಲು ಚಿಗುರೋ ಏಪ್ರಿಲ್, ಮೇನಲ್ಲಿ ಈಯುತ್ತೆ. ಚಳಿ ಬರೋ ಹೊತ್ತಿಗೆ ಮರಿಗೆ ಮೈ ಕಟ್ಟಿರುತ್ತೆ. ಇದು ಹಾಗಲ್ಲ, ಅಕ್ಟೋಬರಿನಲ್ಲಿ ಹುಟ್ಟಿದ್ದು ಅಂತ ಆಮೇಲೆ ತಿಳೀತು. ತಪ್ಪು ತಿಂಗಳಲ್ಲಿ ಹುಟ್ಟಿದ ಮಗು. ತಾಯಿ ಕೆಂಪಿ ಮೇಯುತ್ತಿದ್ದರೆ ಅದು ಅಕ್ಕಮ್ಮನ ಪಕ್ಕ, ಗಾಳಿ ಬೀಳದ ಕಡೆಗೆ ಅಂಟಿಕೊಂಡು ನಿಲ್ಲೋದು.

ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆ ಹೊತ್ತಿಗೆಲ್ಲ ಸಂಜೆ. ನಮ್ಮಲ್ಲಿ ಮಾರನೇ ದಿನದ ಬೆಳಗಿನ ಆರು, ಅಜ್ಜಿ ಬಾಗಿಲಿಗೆ ನೀರು ಹಾಕೋ ಹೊತ್ತು. ವಿಡಿಯೋ ಕಾಲ್ ಮಾಡಿ ಕುದುರೆ ಕಡೆ ಫೋನ್ ತಿರುಗಿಸಿದೆ.

"ಯಾರವವ್ವಾ ಅವು?"

"ಯಾರವೂ ಅಲ್ಲ ಕಣಜ್ಜಿ. ಕಾಡಲ್ಲಿರೋವು."

"ಅಂಗಾದ್ರೆ ಹುರುಳಿ ಯಾರು ಆಕ್ತಾರೆ?"

ಉತ್ತರ ಹೇಳೋಕೆ ನನಗೆ ಗೊತ್ತಾಗಲಿಲ್ಲ. "ಯಾರೂ ಹಾಕಲ್ಲ" ಅಂದೆ. ಅಜ್ಜಿ ಚೊಂಬು ಕೆಳಗಿಟ್ಟು, "ಐಸಲ್ಲಿ ಬರೀ ವೊಟ್ಟೇಲಿ ನಿಲ್ಸವ್ರಲ್ಲ, ಪಾಪಿಗಳು" ಅಂತ ಇಡೀ ಅಮೆರಿಕಕ್ಕೆ ಶಾಪ ಹಾಕಿ ಒಳಗೆ ಹೋದರು.

ಅದು ನನ್ನ ತಲೆಯಲ್ಲಿ ಕೂತುಬಿಡ್ತು.

ಆ ವರ್ಷದ ಚಳಿಗಾಲ ಸಾಮಾನ್ಯದ್ದಲ್ಲ. ರೀನೋ ಇರೋದು ಸಿಯೆರಾ ಪರ್ವತದ ಮಳೆನೆರಳಿನ ಕಡೆ. ನಮ್ಮ ಘಟ್ಟದ ಪೂರ್ವಕ್ಕೆ ಚಿತ್ರದುರ್ಗ ಹೇಗೋ ಹಾಗೆ. ಮೋಡ ಎಲ್ಲ ಪರ್ವತದ ಮೇಲೇ ಸುರಿದು ಬರಿಗೈಲಿ ಬರುತ್ತೆ. ಆದರೆ 2022–23ರಲ್ಲಿ ಒಂದರ ಹಿಂದೊಂದು ಬಿರುಗಾಳಿ. ಪರ್ವತದ ಮೇಲಿರೋ ಹಿಮ ಪ್ರಯೋಗಾಲಯದಲ್ಲಿ ಆ ಋತುವಿಗೆ 754 ಇಂಚು ಹಿಮ ಅಳೆದರು, ಹತ್ತೊಂಬತ್ತು ಮೀಟರಿಗೂ ಹೆಚ್ಚು. 1951–52 ಬಿಟ್ಟರೆ ಅವರ ದಾಖಲೆಯಲ್ಲಿ ಇದೇ ದೊಡ್ಡದು. ಅದರ ತುಣುಕೇ ನಮ್ಮ ಕಡೆಗೂ ಧಾರಾಳವಾಗಿ ಬಿತ್ತು.

ಮೊದಲ ದೊಡ್ಡ ಹಿಮದ ದಿನ ಹೋಗಿ ನೋಡಿದರೆ ಆರೂ ಕುದುರೆಗಳ ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ. ನನಗೆ ಕಣ್ಣಲ್ಲಿ ನೀರು ಬಂತು. ಕಾರಿನ ಹೀಟರ್ ಹಾಕಿಕೊಂಡು ಕೂತು ಅವುಗಳನ್ನು ನೋಡೋದೇ ನಾಚಿಕೆ ಅನ್ನಿಸ್ತು. ಈಗ ನೆನೆಸಿಕೊಂಡರೆ ನಗು. ಬೆನ್ನ ಮೇಲೆ ಹಿಮ ಕರಗದೆ ಕೂತಿದೆ ಅಂದರೆ ಒಳಗಿನ ಬಿಸಿ ಹೊರಗೆ ಸೋರುತ್ತಿಲ್ಲ ಅಂತ ಅರ್ಥ. ಬೇಸಿಗೆ ಮುಗಿದು ಹಗಲು ಕಿರಿದಾಗುತ್ತಾ ಬಂದ ಹಾಗೆ, ಚಳಿ ಶುರುವಾಗೋ ಮುಂಚೆಯೇ, ಕುದುರೆಗೆ ಚಳಿಗಾಲದ ಕೂದಲು ಬೆಳೆಯೋಕೆ ಶುರು. ಚಳಿಯಾದಾಗ ಆ ಕೂದಲು ನಿಮಿರಿ ನಿಂತು ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತೆ. ಮೈ ಒಣಗಿದ್ದು, ಗಾಳಿ ಇಲ್ಲದಿದ್ದರೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿದರೂ ಅವಕ್ಕೆ ಹೆಚ್ಚು ಕಷ್ಟ ಇಲ್ಲ. ಹೊಟ್ಟೆಯೊಳಗೇ ಒಲೆ ಇದೆ. ಒಣಹುಲ್ಲು ದೊಡ್ಡ ಕರುಳಲ್ಲಿ ನಿಧಾನಕ್ಕೆ ಹುಳಿಯುವಾಗ ಬಿಸಿ ಹುಟ್ಟುತ್ತೆ. ಬಾಯಾರಿದರೆ ಹಿಮವನ್ನೇ ಕಚ್ಚಿ ತಿನ್ನುತ್ತವೆ. ಮುಂಗಾಲಿಂದ ಹಿಮ ಕೆರೆದು ಅಡಿಯ ಹುಲ್ಲು ತೆಗೆಯುತ್ತವೆ. ಅಕ್ಕಮ್ಮ ಕೆರೆದ ಗುಂಡಿಗೆ ಪುಟಾಣಿ ಮೂತಿ ತೂರಿಸೋದು, ಅವಳು ಪಕ್ಕಕ್ಕೆ ಸರಿದು ಇನ್ನೊಂದು ಕೆರೆಯೋದು. ಎಷ್ಟು ಸಲ ನೋಡಿದ್ದೀನೋ.

ಕಷ್ಟ ಬಂದದ್ದು ಹಿಮದಿಂದಲ್ಲ, ನೀರಿಂದ. ಡಿಸೆಂಬರ್ 31ರಂದು ಮೊದಲು ಮಳೆ, ಆಮೇಲೆ ಹಸಿಹಿಮ. ಮರದ ಕೊಂಬೆ ಮುರಿದು, ಊರಿನ ಎಷ್ಟೋ ಕಡೆ ಕರೆಂಟ್ ಹೋಯ್ತು. ಹೊಸ ವರ್ಷದ ರಾತ್ರಿ ನಾನು ಮೊಬೈಲ್ ಟಾರ್ಚಿನ ಬೆಳಕಲ್ಲಿ ಉಪ್ಪಿಟ್ಟು ತಿಂದೆ. ಜನವರಿ ಪೂರ್ತಿ ಅದೇ ಕಥೆ, ಮಳೆ, ಹಿಮ, ಮಳೆ. ಕೂದಲು ತೊಯ್ದು ಮೈಗಂಟಿದರೆ ಒಳಗಿನ ಗಾಳಿ ಹೋಯ್ತು, ಕಂಬಳಿ ಹೋದ ಹಾಗೆ. ಕುದುರೆಗಳು ನಡುಗುತ್ತಿದ್ದದ್ದನ್ನು ನಾನು ಆಗಲೇ ಮೊದಲ ಸಲ ನೋಡಿದ್ದು.

ಮತ್ತೆ ಕೆಸರು. ಬೆಳಿಗ್ಗೆ ನೆಲ ಸಿಮೆಂಟಿನ ಹಾಗೆ ಗಟ್ಟಿ, ಮಧ್ಯಾಹ್ನ ಎರಡಕ್ಕೆ ನಾಟಿ ಗದ್ದೆ. ಆ ಮಣ್ಣು ಕಾಲಿಗೆ ಹತ್ತಿದರೆ ಬಿಡೋದಿಲ್ಲ. ಒಂದು ಸಲ ನನ್ನ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬಂತು.

ಜನವರಿ ಮಧ್ಯದ ಒಂದು ಶನಿವಾರ. ಗುಂಪು ತೊರೆ ದಾಟ್ತಾ ಇತ್ತು. ದೊಡ್ಡವೆಲ್ಲ ದಾಟಿದವು. ಪುಟಾಣಿ ದಂಡೆ ಹತ್ತಿರ ಮೊಣಕಾಲ ತನಕ ಹೂತುಕೊಂಡಿತು. ಮೊದಲು ಎಗರಾಡ್ತು. ಎಗರಿದಷ್ಟೂ ಇನ್ನಷ್ಟು ಕೆಳಗೆ. ಆಮೇಲೆ ಸುಮ್ಮನಾಯಿತು. ಬೈನಾಕ್ಯುಲರ್‌ನಲ್ಲಿ ಅದರ ಪಕ್ಕೆ ಏರಿಳಿಯೋದು ಕಾಣ್ತಿತ್ತು. ತಾಯಿ ಆಚೆ ದಡದಲ್ಲಿ ನಿಂತು ಕೆನೆಯುತ್ತಿತ್ತು. ಗೌಡ್ರು ಅತ್ತ ಇತ್ತ ಓಡಾಡಿ ಗತ್ತು ತೋರಿಸಿದ್ದಷ್ಟೇ. ನನ್ನ ಕೈ ಕಾರಿನ ಬಾಗಿಲಿನ ಮೇಲೇ ಇತ್ತು. ಇಳಿದು ಹೋಗಿ ಏನು ಮಾಡ್ತೀನಿ? ಐವತ್ತೈದು ಕೆಜಿ ಹುಡುಗಿ, ಕುದುರೆ ಮುಟ್ಟಿ ಗೊತ್ತಿಲ್ಲ, ಎದುರಿಗೆ ಅರ್ಧ ಟನ್ನಿನ ತಂದೆ. ಹತ್ತಿರ ಹೋದರೆ ಮರಿ ಗಾಬರಿಯಾಗಿ ಇನ್ನೂ ಒದ್ದಾಡುತ್ತೆ ಅಂತ ಮಾತ್ರ ಗೊತ್ತಿತ್ತು.

ಅಕ್ಕಮ್ಮ ವಾಪಸ್ ತೊರೆ ದಾಟಿ ಬಂದಳು. ಏನೂ ಮಾಡಲಿಲ್ಲ. ಮರಿಯಿಂದ ಎರಡು ಮಾರು ದೂರ, ಗಟ್ಟಿ ನೆಲದ ಮೇಲೆ ನಿಂತುಕೊಂಡಳು, ಅಷ್ಟೇ. ನಲವತ್ತು ನಿಮಿಷ ಆಯ್ತು, ನಾನು ಫೋನಲ್ಲಿ ನೋಡ್ಕೋತಿದ್ದೆ. ಆಮೇಲೆ ಮರಿ ಅವಳ ಕಡೆಗೆ ಒಂದು ಸಲ ಎಗರಿ ಮುಂಗಾಲು ಬಿಡಿಸಿಕೊಂಡಿತು, ಇನ್ನೊಂದು ಸಲಕ್ಕೆ ಪೂರ್ತಿ ಬಂತು. ಇಬ್ಬರೂ ತೊರೆಯುದ್ದಕ್ಕೂ ಮೇಲಕ್ಕೆ ನಡೆದು, ಕಲ್ಲಿರೋ ಕಡೆ ದಾಟಿದರು. ನಾನು ಕೂತಲ್ಲೇ ಜೋರಾಗಿ ಅತ್ತೆ. ಆ ವಾರ ನಮ್ಮ ಟೀಮಿನಲ್ಲಿ ಮೂವರ ಕೆಲಸ ಹೋಗಿತ್ತು, ಅದೂ ಸೇರಿ ಅಂತ ಇಟ್ಕೊಳ್ಳಿ.

ಇಲ್ಲಿಂದ ಮುಂದೆ ಬರೆಯೋಕೆ ಕೈ ಸ್ವಲ್ಪ ಹಿಂದೆ ಸರಿಯುತ್ತೆ.

ಮಾರನೇ ದಿನ ಭಾನುವಾರ, ಅಂಗಡಿಯಿಂದ ಎರಡು ಕಟ್ಟು ಕ್ಯಾರೆಟ್ ತಂದೆ. ಅಜ್ಜಿಯ ಮಾತು, ನಿನ್ನೆಯ ಕೆಸರು, ಅಕ್ಕಮ್ಮನ ಸೊಂಟದ ಮೂಳೆ ಎದ್ದು ಕಾಣೋದು, ಎಲ್ಲಾ ಸೇರಿ ನನಗೆ ತಡೆಯೋಕೆ ಆಗಲಿಲ್ಲ. ರಸ್ತೆ ಪಕ್ಕದ ಬೇಲಿ ಆಚೆಗೆ ಎಸೆದೆ. ಕೆಂಪಿಗಳು ಹತ್ತಿರ ಬರಲಿಲ್ಲ. ಅಕ್ಕಮ್ಮ ಮಾತ್ರ ಬಂದು, ಮೂಸಿ, ತಿಂದಳು. ಆ ಕಟುಂ ಕಟುಂ ಸದ್ದು ಕೇಳಿ ನನಗೆ ಆದ ಸಂತೋಷ ಇದೆಯಲ್ಲ, ತಿಂಗಳುಗಳಲ್ಲಿ ಅಂಥದ್ದು ಆಗಿರಲಿಲ್ಲ. ಮುಂದಿನ ವಾರ ಸೇಬನ್ನೂ ಸೇರಿಸಿ ತಗೊಂಡು ಹೋದೆ. ಅಜ್ಜಿಗೂ ಹೇಳಿದೆ. "ಒಳ್ಳೇದ್ ಮಾಡ್ದೆ ಬುಡು" ಅಂದರು.

ಮೂರನೇ ವಾರ ನಾನು ಇನ್ನೂ ಕಾರು ನಿಲ್ಲಿಸಿರಲಿಲ್ಲ. ಇಂಡಿಕೇಟರ್ ಹಾಕಿ ನಿಧಾನ ಮಾಡ್ತಿದ್ದೆ, ಅಷ್ಟರಲ್ಲಿ ಅಕ್ಕಮ್ಮ ನನ್ನ ನೀಲಿ ಕಾರು ನೋಡಿ ತಲೆ ಎತ್ತಿದಳು. ಬೇಲಿ ಮುರಿದು ಬಿದ್ದಿದ್ದ ಕಡೆಯಿಂದ ದಾಟಿ ಸೀದಾ ರಸ್ತೆಗೇ ಬಂದಳು. ಹಿಂದೆ ಪುಟಾಣಿ. ಘಾಟಿ ಮೇಲಿಂದ ಒಂದು ಪಿಕಪ್ ಇಳೀತಾ ಇತ್ತು. ರಸ್ತೆ ತುಂಬ ಅರ್ಧ ಕರಗಿದ ಹಿಮ. ಬ್ರೇಕ್ ಹಾಕಿದ ಗಾಡಿ ನಿಲ್ಲಲಿಲ್ಲ, ಅಡ್ಡಕ್ಕೆ ತಿರುಗಿ ಜಾರ್ತಾ ಬಂತು. ಅಕ್ಕಮ್ಮನಿಗೂ ಅದರ ಬಾನೆಟ್ಟಿಗೂ ಒಂದು ಮಂಚದಷ್ಟು ಜಾಗ ಉಳಿದಿರಬಹುದು. ಚಾಲಕ ನನಗೆ ಏನು ಬೈದ ಅಂತ ಇಲ್ಲಿ ಬರೆಯೋಕಾಗಲ್ಲ. ಬೈದದ್ದು ಸರಿಯಾಗೇ ಇತ್ತು.

ಅಲ್ಲೇ ಇನ್ನೊಂದು ಕಾರಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಕ್ಲಿಪ್‌ಬೋರ್ಡು, ಕ್ಯಾಮೆರಾ, ಮೊಣಕಾಲ ತನಕ ರಬ್ಬರ್ ಬೂಟು. ಅವರು ಇಳಿದು ಬಂದು ಮೊದಲು ಕುದುರೆಗಳನ್ನು ಕೈ ಬೀಸಿ ಬೇಲಿಯಾಚೆ ಕಳಿಸಿದರು. ಆಮೇಲೆ ನನ್ನ ಕಿಟಕಿ ತಟ್ಟಿದರು. ಸೀಟಿನ ಮೇಲಿದ್ದ ಕ್ಯಾರೆಟ್ ನೋಡಿದರು.

ಕಿರುಚಿದ್ದರೆ ಸುಲಭ ಇತ್ತು. ಅವರು ಕೂಗಾಡಲಿಲ್ಲ. ಪಕ್ಕದ ಸೀಟಲ್ಲಿ ಕೂತು, ನನ್ನ ಕಾಫಿ ಕುಡೀತಾ ಒಂದೊಂದಾಗಿ ಹೇಳಿದರು. ನೆವಾಡಾದಲ್ಲಿ ಈ ಕುದುರೆಗಳಿಗೆ ತಿನ್ನಿಸೋದು ಕಾನೂನಿನ ಪ್ರಕಾರ ಅಪರಾಧ. ಅದು ಬದಿಗಿರಲಿ. ಮೂರು ತಿಂಗಳಿಂದ ಒಣಹುಲ್ಲಿಗೆ, ಪೊದೆಗೆ ಒಗ್ಗಿಕೊಂಡ ಕರುಳಿಗೆ ಒಮ್ಮೆಲೇ ಸಿಹಿ ಪದಾರ್ಥ ಬಿದ್ದರೆ ಒಳಗಿನ ಜೀವಾಣುಗಳ ಲೆಕ್ಕ ತಪ್ಪುತ್ತೆ, ಹೊಟ್ಟೆ ಶೂಲೆ ಬರುತ್ತೆ. ಕುದುರೆಗೆ ವಾಂತಿ ಮಾಡೋಕೂ ಬರಲ್ಲ. ತಿಂದದ್ದು ತಿಂದ ಹಾಗೇ. ಒದ್ದಾಡಿ ಸಾಯುತ್ತೆ. ಅದನ್ನೂ ದಾಟಿದರೆ, ರಸ್ತೆ ಪಕ್ಕ ಊಟ ಇದೆ ಅಂತ ಕಲಿತ ಕುದುರೆ ಬದುಕೋದು ಕಷ್ಟ, ಅದರ ಹಿಂದೆ ಬರೋ ಮರಿಯೂ ಅದನ್ನೇ ಕಲಿಯುತ್ತೆ.

"ಅವಳು ಅಷ್ಟು ಬಡಕಲಾಗಿದ್ದಾಳಲ್ಲ" ಅಂದೆ.

"ಅವಳಿಗೆ ವಯಸ್ಸಾಗಿದೆ" ಅಂದರು ಅವರು.

ಆಕೆ ಸ್ವಯಂಸೇವಕಿ. ಪ್ರತಿ ಕುದುರೆಯ ಫೋಟೋ, ಗುರುತು, ಯಾರ ಮಗಳು ಯಾರು ಅನ್ನೋ ದಾಖಲೆ ಅವರ ಗುಂಪಿನ ಹತ್ತಿರ ಇತ್ತು. 2019ರಿಂದ ಅಲ್ಲಿ ಹೆಣ್ಣು ಕುದುರೆಗಳಿಗೆ ದೂರದಿಂದ ಡಾರ್ಟ್ ಹೊಡೆದು ಗರ್ಭನಿರೋಧಕ ಲಸಿಕೆ ಕೊಡುತ್ತಾರೆ. ಹೆಲಿಕಾಪ್ಟರಿನಿಂದ ಅಟ್ಟಿ ಹಿಡಿಯೋ ಬದಲು ಹುಟ್ಟೋದನ್ನೇ ಕಡಿಮೆ ಮಾಡೋ ದಾರಿ. ಅದಕ್ಕೆ ಯಾವ ಕುದುರೆಗೆ ಯಾವಾಗ ಕೊಟ್ಟದ್ದು ಅಂತ ಲೆಕ್ಕ ಬೇಕೇ ಬೇಕು. ಪುಟಾಣಿಯ ಅಕ್ಟೋಬರ್ ಹುಟ್ಟಿದಬ್ಬ ನನಗೆ ಗೊತ್ತಾಗಿದ್ದು ಅವರ ಕ್ಲಿಪ್‌ಬೋರ್ಡಿಂದ. ಅಕ್ಕಮ್ಮನಿಗೆ ಅವರ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ನಾನು ಕೇಳಿಸಿಕೊಂಡು ಮರೆತುಬಿಟ್ಟೆ, ಬೇಕಂತಲೇ.

ಹೋಗುವಾಗ ಒಂದು ಮಾತು ಹೇಳಿದರು. ಒಂದು ತಿಂಗಳು ಈ ಕಡೆ ಬರಬೇಡ, ನಿನ್ನ ಕಾರನ್ನು ಅವಳು ಮರೀಬೇಕು.

ಶಿಕ್ಷೆ ಅಂದರೆ ಅದು. ಫೆಬ್ರವರಿಯ ಶನಿವಾರ, ಭಾನುವಾರಗಳು ಮನೆಯಲ್ಲೇ. ಹೊರಗೆ ಹಿಮ ಬೀಳೋದು ನೋಡಿದಾಗೆಲ್ಲ ಈಗ ಅವು ಎಲ್ಲಿ ನಿಂತಿರಬಹುದು ಅನ್ನೋದೇ ಯೋಚನೆ. ಆಗ ಓದಿದ್ದು ಜಾಸ್ತಿ, ಮುಖ್ಯವಾಗಿ ವೆಲ್ಮಾ ಜಾನ್‌ಸ್ಟನ್ ಬಗ್ಗೆ. ರೀನೋದವರೇ, 1912ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಮೈ ಮುಖ ಸೊಟ್ಟಗಾಗಿತ್ತು. ವಿಮಾ ಕಚೇರಿಯೊಂದರಲ್ಲಿ ಸೆಕ್ರೆಟರಿ, ಅಂದರೆ ನಮ್ಮ ನಿಮ್ಮ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರೋ ಕೆಲಸ. 1950ರಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೋಗ್ತಾ ಮುಂದಿನ ಟ್ರಕ್ಕಿನಿಂದ ರಕ್ತ ಸೋರೋದು ನೋಡಿದರು. ಹಿಂಬಾಲಿಸಿದರೆ ಒಳಗೆ ಕಾಡುಕುದುರೆಗಳು. ವಿಮಾನದಲ್ಲಿ ಅಟ್ಟಿ, ಟ್ರಕ್ಕಿನಲ್ಲಿ ಬೆನ್ನಟ್ಟಿ ಹಿಡಿದು, ಕಸಾಯಿಖಾನೆಗೆ ಸಾಗಿಸ್ತಾ ಇದ್ದರು. ನಾಯಿ ಬೆಕ್ಕಿನ ಆಹಾರಕ್ಕೆ.

ನಾವಾದರೆ ಏನು ಮಾಡ್ತಿದ್ವಿ? ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕ್ತಿದ್ವಿ ಅಂತ ನನ್ನ ಅಂದಾಜು. ಆಕೆ ಟೈಪ್‌ರೈಟರ್ ಮುಂದೆ ಕೂತರು. 1952ರಲ್ಲಿ ವರ್ಜೀನಿಯಾ ಸಿಟಿ ಇರೋ ಸ್ಟೋರಿ ಕೌಂಟಿಯಲ್ಲಿ ವಿಮಾನದಿಂದ ಅಟ್ಟೋದು ನಿಂತಿತು. 1955ರಲ್ಲಿ ರಾಜ್ಯದ ಕಾನೂನು, 1959ರಲ್ಲಿ ಇಡೀ ದೇಶಕ್ಕೆ. ವಿರೋಧಿಗಳು ಅಣಕಕ್ಕೆ 'ವೈಲ್ಡ್ ಹಾರ್ಸ್ ಆ್ಯನಿ' ಅಂದರು, ಆಕೆ ಅದೇ ಹೆಸರನ್ನು ಇಟ್ಟುಕೊಂಡರು. ಶಾಲೆ ಮಕ್ಕಳಿಂದ ಸಂಸತ್ತಿಗೆ ರಾಶಿ ರಾಶಿ ಪತ್ರ ಬರೆಸಿದರು. 1971ರಲ್ಲಿ ಕಾಡುಕುದುರೆ, ಕತ್ತೆಗಳನ್ನು ರಕ್ಷಿಸೋ ಕೇಂದ್ರ ಕಾನೂನು ಬಂತು.

ವಿಚಿತ್ರ ಏನು ಗೊತ್ತಾ? ಆಕೆ ಹೋರಾಟ ಶುರು ಮಾಡಿದ ಇದೇ ಗುಡ್ಡಗಳ ಕುದುರೆಗಳಿಗೆ ಆ ಕಾನೂನು ಇವತ್ತು ಅನ್ವಯಿಸಲ್ಲ. ಇಲ್ಲಿನ ನೆಲದಲ್ಲಿ ಹೆಚ್ಚಿನದು ಕೇಂದ್ರ ಸರ್ಕಾರದ್ದಲ್ಲ. ಹಾಗಾಗಿ ಇವು ರಾಜ್ಯದ ಕೃಷಿ ಇಲಾಖೆಯ ಲೆಕ್ಕದಲ್ಲಿ ಬರೀ ಬಿಡಾಡಿ ಜಾನುವಾರು. 1998ರ ಕ್ರಿಸ್‌ಮಸ್ ಹೊತ್ತಿಗೆ ಇದೇ ಗುಡ್ಡದಲ್ಲಿ ಮೂವತ್ತಕ್ಕೂ ಹೆಚ್ಚು ಕುದುರೆಗಳನ್ನು ಗುಂಡಿಟ್ಟು ಕೊಂದಿದ್ದರು. ನನ್ನ ಆ ಸ್ವಯಂಸೇವಕಿ ಆಗಿನಿಂದ ಗುಡ್ಡಕ್ಕೆ ಬರ್ತಾ ಇದ್ದಾರಂತೆ.

ಮಾರ್ಚ್ ಮೊದಲ ವಾರ ಸಹೋದ್ಯೋಗಿಯ ಬಿಳಿ ಕಾರು ಕೇಳಿ ತಗೊಂಡು ಹೋದೆ. ನನ್ನ ಕಾರು ಗುರುತು ಸಿಗಬಾರದು ಅಂತ. ಇನ್ನೂ ಹಿಮ ಬೀಳ್ತಾನೇ ಇತ್ತು. ಮೂರು ವಾರಾಂತ್ಯ ಏನೂ ಕಾಣಲಿಲ್ಲ. ನಾಲ್ಕನೇ ಸಲ ಗುಡ್ಡದ ಓರೆಯಲ್ಲಿ ಗುಂಪು ಕಂಡಿತು, ತುಂಬ ದೂರದಲ್ಲಿ. ಎಣಿಸಿದೆ. ಐದು.

ಮತ್ತೆ ಎಣಿಸಿದೆ. ಗೌಡ್ರು, ಎರಡು ಕೆಂಪಿ, ಪಡ್ಡೆ, ಪುಟಾಣಿ.

ಮುಂದೆ ನಡೀತಿದ್ದದ್ದು ದೊಡ್ಡ ಕೆಂಪಿ. ಹತ್ತು ಹೆಜ್ಜೆ ಹೋಗಿ ನಿಲ್ಲುತ್ತಿತ್ತು, ಹಿಂದೆ ತಿರುಗಿ ನೋಡುತ್ತಿತ್ತು. ಹೊಸದಾಗಿ ಟೀಮ್ ಲೀಡ್ ಆದವರ ಹಾಗೆ ಅಂತ ತಮಾಷೆ ಮಾಡಬಹುದಿತ್ತು. ಆವತ್ತು ಮನಸ್ಸಾಗಲಿಲ್ಲ.

ಸ್ವಯಂಸೇವಕಿಗೆ ಮೆಸೇಜ್ ಮಾಡಿದೆ. ಫೆಬ್ರವರಿ ಕೊನೆಯ ಬಿರುಗಾಳಿ ಆದ ಮೇಲೆ ಅಕ್ಕಮ್ಮ ಯಾರಿಗೂ ಕಂಡಿಲ್ಲ ಅಂದರು. ರಸ್ತೆಯಲ್ಲಿ ಅಲ್ಲ, ರಸ್ತೆಯಲ್ಲಿ ಆಗಿದ್ದರೆ ನಮಗೆ ಫೋನ್ ಬಂದಿರೋದು ಅಂತ ಅವರೇ ಸೇರಿಸಿದರು. ನಾನು ಕೇಳೋ ಮುಂಚೆಯೇ. ಹಲ್ಲು ಸವೆದ ಮುದಿ ಕುದುರೆಗಳು ಚಳಿಗಾಲದ ಕೊನೆಯಲ್ಲೇ ಹೋಗೋದು, ಶುರುವಿನಲ್ಲಲ್ಲ, ಮೈಮೇಲಿನ ಕೊಬ್ಬು ಅಷ್ಟು ಹೊತ್ತಿಗೆ ಖರ್ಚಾಗಿರುತ್ತೆ ಅಂತಲೂ ಬರೆದರು. ನನ್ನ ಕ್ಯಾರೆಟ್ಟಿನಿಂದ ಏನಾದರೂ ಆಗಿರಬಹುದಾ ಅಂತ ಕೇಳಿದೆ. ಎರಡು ನೀಲಿ ಟಿಕ್ ಬಿತ್ತು. ಟೈಪಿಂಗ್ ಅಂತ ಬಂತು, ಹೋಯ್ತು, ಮತ್ತೆ ಬಂತು. ಕೊನೆಗೆ, "ಐದು ವಾರ ಆದಮೇಲೆ? ಇಲ್ಲ ಅನ್ಸುತ್ತೆ" ಅಂತ ಬಂತು. ಆ 'ಅನ್ಸುತ್ತೆ' ನನ್ನ ಹತ್ತಿರ ಈಗಲೂ ಇದೆ.

ಏಪ್ರಿಲ್‌ನಲ್ಲಿ ಗುಡ್ಡಕ್ಕೆ ಹಸಿರು ಬಂತು. ಎಷ್ಟೋ ವರ್ಷದ ಬರ ಮುಗಿದು ಬಂದ ಹಸಿರು, ನಮ್ಮ ಶ್ರಾವಣದ ಹಾಗೆ. ಕುದುರೆಗಳ ಚಳಿಗಾಲದ ಕೂದಲು ಕಂತೆ ಕಂತೆಯಾಗಿ ಉದುರಿ, ಪೊದೆಗಳಿಗೆ, ಬೇಲಿ ತಂತಿಗೆ ಸಿಕ್ಕಿಕೊಂಡು ತೂಗಾಡ್ತಿತ್ತು. ಅರ್ಧ ಉದುರಿ ಅರ್ಧ ಉಳಿದ ಪುಟಾಣಿ, ಹಳೇ ಸೋಫಾ ಥರ ಕಾಣ್ತಿತ್ತು. ತನ್ನ ಕೂದಲಿನ ತುರಿಕೆ ತಡೆಯೋಕಾಗದೆ ಗೌಡ್ರ ಹಿಂಗಾಲಿಗೇ ಮೈ ಉಜ್ಜಿಕೊಳ್ತಿತ್ತು. ಗೌಡ್ರು ಸುಮ್ಮನೆ ನಿಂತು ಉಜ್ಜಿಸಿಕೊಂಡರು.

ನಾನು ರಸ್ತೆಯಿಂದ ದೂರ, ಬೇರೆ ಜಾಗದಲ್ಲಿ, ಅರ್ಧ ಕಿಲೋಮೀಟರ್ ಆಚೆ ಬಂಡೆ ಮೇಲೆ ಕೂತು ಅಜ್ಜಿಗೆ ಫೋನ್ ಮಾಡಿದೆ. ಝೂಮ್ ಮಾಡಿ ಹಸಿರು ತೋರಿಸಿದೆ. ಹುರುಳಿ ಯಾರೂ ಹಾಕಬಾರದಂತೆ ಕಣಜ್ಜಿ, ಹಾಕಿದರೆ ಹೊಟ್ಟೆ ಕೆಡುತ್ತಂತೆ, ರಸ್ತೆಗೆ ಬರ್ತವಂತೆ ಅಂತ ಎಲ್ಲ ಹೇಳಿದೆ. ನಾನು ಹಾಕಿದ್ದು, ಪಿಕಪ್ ಜಾರಿದ್ದು, ಅದನ್ನೂ ಹೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ. ಕಣ್ಣು ಕಿರಿದು ಮಾಡಿ ಪರದೆಗೆ ಮೂಗು ತಾಗಿಸಿ ನೋಡ್ತಾ ಇದ್ದರು.

"ಆ ಬೂದಿ ಬಣ್ಣದ್ ಮುದುಕಿ ಎಲ್ಲವ್ವಾ? ಕಾಣ್ತಿಲ್ಲ."

"ಇಲ್ಲ ಅಜ್ಜಿ."

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ನಮ್ಮನೆ ಹಿತ್ತಲ ಕೋಳಿಯ ಸದ್ದು.

"ಮರಿ ಕಡೀಕ್ ಇಡಿ ಫೋನು" ಅಂದರು. ಹಿಡಿದೆ.